ಉಗರಗೋಳದ ದಾರಿಯಲ್ಲಿ ತೂಕದ ಲೆಕ್ಕ

ಧಾರವಾಡದಿಂದ ಸವದತ್ತಿಗೆ ಸುಮಾರು 40 ಕಿ.ಮೀ. ದಾರಿ. ಇಕ್ಕೆಲಗಳಲ್ಲಿಯೂ ಎರೆಭೂಮಿ. ಹಿಂಗಾರಿನ ದಿನಗಳಾದರೆ ಬಿಳಿಜೋಳ, ಕಡಲೆ, ಕುಸುಬಿ ನಿಂತ ಹೊಲಗಳು. ಸವದತ್ತಿಯ ಕೋಟೆಯನ್ನು ಹಿಂದೆ ಬಿಟ್ಟು ಇನ್ನಷ್ಟು ದೂರ ಸಾಗಿದರೆ ಯಲ್ಲಮ್ಮನ ಗುಡ್ಡ. ಆ ಗುಡ್ಡದ ಮಗ್ಗುಲಿಗೆ ಅಂಟಿಕೊಂಡ ಊರೇ ಉಗರಗೋಳ.

ಉಳಿದ ದಿನಗಳಲ್ಲಿ ಇದು ಒಕ್ಕಲುತನದ ಊರು. ಬೆಳಗಾದರೆ ಹೊಲ, ಸಂಜೆಯಾದರೆ ಕಟ್ಟೆ. ಆದರೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆ ಬಂದವೆಂದರೆ ಊರಿನ ದಾರಿಗಳು ಗುರುತೇ ಸಿಗದಂತೆ ತುಂಬಿಹೋಗುತ್ತವೆ. ಕರ್ನಾಟಕದ ಮೂಲೆಮೂಲೆಗಳಿಂದ, ಮಹಾರಾಷ್ಟ್ರದ ಊರುಗಳಿಂದ ಜನ ಬರುತ್ತಾರೆ. ಚಕ್ಕಡಿ ಕಟ್ಟಿಕೊಂಡು ಬರುವವರು, ಟ್ರ್ಯಾಕ್ಟರ್ ಏರಿ ಬರುವವರು, ಹರಕೆ ಹೊತ್ತು ನಡೆದೇ ಬರುವವರು. 2023ರ ಜೂನ್ 11ರಂದು ರಾಜ್ಯದಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಆರಂಭವಾದ ಮೇಲಂತೂ ಕೂಲಿ ಮಾಡುವ ಹೆಂಗಸರೂ ಮಕ್ಕಳನ್ನು ಕರೆದುಕೊಂಡು ನಿಶ್ಚಿಂತೆಯಿಂದ ಬಸ್ಸು ಹತ್ತುವಂತಾಯಿತು. ಜೋಗುಳಬಾವಿಯಲ್ಲಿ ಮಿಂದು, ಹಣೆಗೆ ಭಂಡಾರ ಹಚ್ಚಿಕೊಂಡು, ‘ಉಧೋ ಉಧೋ’ ಎನ್ನುತ್ತ ಗುಡ್ಡ ಏರುವ ಈ ಜನಸಾಗರವನ್ನು ಒಮ್ಮೆ ನೋಡಿದವರು ಮರೆಯಲಾರರು. ಈಗಿರುವ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದನೆಂದು ಹೇಳುತ್ತಾರೆ.

ಗುಡ್ಡದ ಸುತ್ತಲಿನ ಬಯಲಿನಲ್ಲಿ ಎಲ್ಲೆಂದರಲ್ಲಿ ಮೂರು ಕಲ್ಲಿನ ಒಲೆಗಳು ಹೊಗೆಯಾಡುತ್ತವೆ. ಕಡಬು, ಹೋಳಿಗೆ, ಅನ್ನ, ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಎಲ್ಲವೂ ಸಿದ್ಧವಾಗುತ್ತವೆ. ಬುಟ್ಟಿಯಲ್ಲಿ ಅವನ್ನು ಇರಿಸಿ ದೇವಿಯ ಹೆಸರಿನಲ್ಲಿ ಪಡ್ಡಲಗಿ ತುಂಬಿಸುವುದು ಇಲ್ಲಿಯ ಸಂಪ್ರದಾಯ. ಆಮೇಲೆ ಸುತ್ತಲಿದ್ದವರನ್ನೆಲ್ಲ ಕರೆದು ಉಣಿಸುತ್ತಾರೆ. ಅಲ್ಲಿ ಬಡವ ಬಲ್ಲಿದ ಎಂಬ ಎಣಿಕೆಯಿಲ್ಲ. ಕೂತವರಿಗೆಲ್ಲ ಒಂದೇ ಊಟ.

ಆದರೆ ಬಯಲು ದಾಟಿ ಅಂಗಡಿಗಳ ಸಾಲಿಗೆ ಬಂದರೆ ಇನ್ನೊಂದು ನೋಟ. ಭಂಡಾರ, ಕುಂಕುಮ, ಬಳೆ, ಕಾಯಿ, ಬೆಂಡು ಬತ್ತಾಸು, ಚುರಮುರಿಗಳ ನಡುವೆ ತೋರಣ ಕಟ್ಟಿದಂತೆ ತೂಗಾಡುವ ಬಣ್ಣ ಬಣ್ಣದ ಪಾಕೀಟುಗಳು! ಪಕ್ಕದಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯೊಳಗೆ ತಂಪು ಪಾನೀಯದ ಬಾಟಲಿಗಳು. ಇಂಥ ಅಂಗಡಿಯ ಮುಂದೆ ಅಜ್ಜಿ ಮೊಮ್ಮಕ್ಕಳ ಜಗ್ಗಾಟ ಜಾತ್ರೆಯಲ್ಲಿ ನಿತ್ಯದ ನೋಟ.

‘ಆಯಿ, ಆ ಕೆಂಪ ಪಾಕೀಟ ಕೊಡಸ.’

‘ರೊಟ್ಟಿ ಬುತ್ತಿ ಐತಲ್ಲೋ ನಮ್ಮಪ್ಪಾ, ಅದನ್ನ ತಿನ್ನು.’

‘ರೊಟ್ಟಿ ದಿನಾ ತಿಂತೀನಲ್ಲ! ಐದ ರೂಪಾಯಿ ಅಷ್ಟ ಐತಿ.’

ಐದು ರೂಪಾಯಿ ಅಷ್ಟೇ! ಆಯಿಯ ಸೆರಗಿನ ಗಂಟು ಬಿಚ್ಚುತ್ತದೆ. ಹುಡುಗ ಕುಣಿಯುತ್ತ ಓಡುತ್ತಾನೆ. ಇದರಲ್ಲಿ ತಪ್ಪು ಹುಡುಗನದೇ? ಆಯಿಯದೇ? ಜಾತ್ರೆಯಲ್ಲಿ ಒಂದು ದಿನ ತಿಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಈ ತೋರಣ ಜಾತ್ರೆ ಮುಗಿದ ಮೇಲೂ ಬಿಚ್ಚುವುದಿಲ್ಲ. ಊರೂರಿನ ಶಾಲೆಯ ಎದುರಿಗೆ ವರ್ಷವಿಡೀ ತೂಗಾಡುತ್ತಿರುತ್ತದೆ. ಬೊಜ್ಜಿನ ಮಾತು ಬಂದಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಅಲ್ಲಿಂದ ಆರಂಭವಾಗುತ್ತದೆ.

ಒಂದೇ ಮನೆ, ಎರಡು ಕೊರತೆ

ಬೊಜ್ಜು ಶ್ರೀಮಂತರ ಕಾಯಿಲೆ ಎಂಬ ಮಾತು ಹಿಂದೊಮ್ಮೆ ನಿಜವಾಗಿತ್ತು. ಕುಳಿತು ಉಣ್ಣುವವನಿಗೆ ಹೊಟ್ಟೆ, ದುಡಿದು ಉಣ್ಣುವವನಿಗೆ ಗಟ್ಟಿ ಮೈ ಎಂದು ಹಿರಿಯರು ಹೇಳುತ್ತಿದ್ದರು. ಈಗಿನ ಅಂಕಿಗಳು ಬೇರೆ ಕಥೆ ಹೇಳುತ್ತವೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 23.3ರಷ್ಟು ಮಂದಿ ಅತಿತೂಕ ಅಥವಾ ಬೊಜ್ಜು ಉಳ್ಳವರಾಗಿದ್ದರು. 2019–21ರ ಸಮೀಕ್ಷೆಯ ಹೊತ್ತಿಗೆ ಅದು ಶೇ. 30.1ಕ್ಕೆ ಏರಿತು. ಅದೇ ಸಮೀಕ್ಷೆಯಲ್ಲಿ ಶೇ. 17.2ರಷ್ಟು ಮಹಿಳೆಯರ ತೂಕ ಇರಬೇಕಾದುದಕ್ಕಿಂತ ಕಡಿಮೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ಒಂದೇ ರಾಜ್ಯ, ಒಂದೇ ಊರು, ಎಷ್ಟೋ ಸಲ ಒಂದೇ ಮನೆ. ಅಲ್ಲಿ ತಾಯಿಯ ತೂಕ ಹೆಚ್ಚು, ಮಗುವಿನ ಬೆಳವಣಿಗೆ ಕಡಿಮೆ! ನೋಡಲು ಇವು ಪರಸ್ಪರ ವಿರುದ್ಧ. ಆದರೆ ಎರಡೂ ಕೊರತೆಗಳೇ. ಹೊಟ್ಟೆ ತುಂಬುತ್ತದೆ, ಪೋಷಣೆ ತುಂಬುವುದಿಲ್ಲ. ತಟ್ಟೆಯಲ್ಲಿ ಅನ್ನವಿದೆ; ಬೇಳೆ, ಸೊಪ್ಪು, ಹಣ್ಣು, ಮೊಟ್ಟೆ, ಹಾಲು ಸಾಲದು.

ತಟ್ಟೆ ಹೀಗಾಗಲು ಕಾರಣಗಳು ಈ ಸೀಮೆಯ ನೆಲದಲ್ಲಿಯೇ ಇವೆ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1970ರ ದಶಕದಿಂದ ನೀರು ಕೊಡುತ್ತಿದೆ. ಕಾಲುವೆ ನೀರು ಹರಿದ ಕಡೆ ಗೋವಿನಜೋಳ, ಕಬ್ಬು ಬಂದವು. ಅದರಿಂದ ರೈತನ ಕೈಗೆ ರೊಕ್ಕ ಬಂದದ್ದು ಸುಳ್ಳಲ್ಲ. ಆದರೆ ಬಿಳಿಜೋಳ, ಅಕ್ಕಡಿಯಲ್ಲಿ ಬರುತ್ತಿದ್ದ ಕಾಳುಗಳು, ಗಾಣಕ್ಕೆ ಹೋಗುತ್ತಿದ್ದ ಕುಸುಬಿ ಹಿಂದೆ ಸರಿದವು. ಪಡಿತರದ ಅಕ್ಕಿ ಹಸಿವನ್ನು ಹಿಂಗಿಸಿತು. ಅದು ದೊಡ್ಡ ಉಪಕಾರ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕ ನೋಡಿದರೆ, 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗಿಂತ ಕಡಿಮೆ. ನಾರು ಕಡಿಮೆಯಾದ ಊಟ ಬೇಗ ಜೀರ್ಣವಾಗಿ ಬೇಗ ಮತ್ತೆ ಹಸಿವು ತರುತ್ತದೆ. ಆಗ ಕೈ ಚಾಚುವುದು ಯಾವುದರ ಕಡೆಗೆ? ತೋರಣದ ಪಾಕೀಟಿನ ಕಡೆಗೆ.

ಹತ್ತು ರೂಪಾಯಿಯ ಪಾಠ

ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಮಾಡಬಹುದಾದ ಒಂದು ಲೆಕ್ಕ ಇಲ್ಲಿದೆ. ಸಕ್ಕರೆ ಮತ್ತು ಪಿಷ್ಟದ ಒಂದು ಗ್ರಾಮಿಗೆ 4 ಕಿಲೋಕ್ಯಾಲರಿ, ಎಣ್ಣೆಯ ಒಂದು ಗ್ರಾಮಿಗೆ 9 ಕಿಲೋಕ್ಯಾಲರಿ ಶಕ್ತಿ. ಸಕ್ಕರೆ ಕಿಲೋಗೆ 45 ರೂಪಾಯಿ ಎಂದು ಇಟ್ಟುಕೊಂಡರೆ 10 ರೂಪಾಯಿಗೆ ಸುಮಾರು 220 ಗ್ರಾಂ, ಅಂದರೆ 880 ಕಿಲೋಕ್ಯಾಲರಿ. ಅಡುಗೆ ಎಣ್ಣೆ ಕಿಲೋಗೆ 140 ರೂಪಾಯಿ ಎಂದರೆ 10 ರೂಪಾಯಿಗೆ 640ರಷ್ಟು. ತೊಗರಿಬೇಳೆ 120 ರೂಪಾಯಿ ಎಂದರೆ ಸುಮಾರು 280 ಕಿಲೋಕ್ಯಾಲರಿ. ಆದರೆ ಜೊತೆಗೆ 17 ಗ್ರಾಂ ಪ್ರೋಟೀನು. ಹತ್ತು ರೂಪಾಯಿಯ ಒಂದು ಸೂಡು ಮೆಂತ್ಯಸೊಪ್ಪಿನಲ್ಲಿ 100 ಕಿಲೋಕ್ಯಾಲರಿಯೂ ಇರುವುದಿಲ್ಲ. ಅದರಲ್ಲಿರುವ ಕಬ್ಬಿಣ, ನಾರು, ಜೀವಸತ್ವಗಳಿಗೆ ಮಾತ್ರ ಸಕ್ಕರೆ ಎಣ್ಣೆಗಳಲ್ಲಿ ಬದಲಿಯೇ ಇಲ್ಲ.

ದರಗಳು ಊರಿಂದ ಊರಿಗೆ ಬದಲಾಗಬಹುದು. ಲೆಕ್ಕದ ತಿರುಳು ಬದಲಾಗದು. ಕೈಯಲ್ಲಿ ಕಾಸು ಕಡಿಮೆಯಿದ್ದಷ್ಟೂ ಶಕ್ತಿಯನ್ನು ಅಗ್ಗವಾಗಿ ಕೊಡುವ ಸಕ್ಕರೆ, ಮೈದಾ, ಎಣ್ಣೆಗಳೇ ಹೆಚ್ಚು ಒದಗುತ್ತವೆ. ಐದು ರೂಪಾಯಿಯ ಪಾಕೀಟು ಎಂದರೆ ಈ ಮೂರರ ಜೊತೆಗೆ ಉಪ್ಪು ಮತ್ತು ಬಣ್ಣದ ಹೊದಿಕೆ. ತಂಪು ಪಾನೀಯದ 100 ಮಿ.ಲೀ.ನಲ್ಲಿ 10–11 ಗ್ರಾಂ ಸಕ್ಕರೆ ಇರುವುದು ಸಾಮಾನ್ಯ. 250 ಮಿ.ಲೀ. ಬಾಟಲಿ ಎಂದರೆ ಐದು ಚಮಚೆ ಸಕ್ಕರೆ! ಮನೆಯಲ್ಲಿ ಚಹಾಕ್ಕೆ ಐದು ಚಮಚೆ ಹಾಕಿ ಮಗುವಿಗೆ ಕೊಡುವ ತಾಯಿ ಇದ್ದಾಳೆಯೇ?

ಹೀಗಿರುವಾಗ ಬಡವನ ಮೈಮೇಲೆ ಬೊಜ್ಜು ಕಂಡರೆ ಅದನ್ನು ಸುಖದ ಗುರುತು ಎನ್ನಲು ಬರುವುದಿಲ್ಲ. ಎಷ್ಟೋ ಸಲ ಅದು ಕೊರತೆಯ ಗುರುತು.

ಮೈಸೂರಿನ ಹಳೆಯ ದಫ್ತರಗಳು

ಹಸಿವಿಗೂ ಬೊಜ್ಜಿನ ಕಾಯಿಲೆಗಳಿಗೂ ನಂಟಿದೆ ಎಂದರೆ ನಂಬುವುದು ಕಷ್ಟ. ಆದರೆ ಇದರ ಪುರಾವೆ ನಮ್ಮ ರಾಜ್ಯದಲ್ಲಿಯೇ ಇದೆ. ಉಗರಗೋಳದಿಂದ ನೂರಾರು ಕಿ.ಮೀ. ದೂರದ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಫ್ತರದಲ್ಲಿ ಬರೆದಿಟ್ಟಿದ್ದರು. ಆರು ದಶಕಗಳ ತರುವಾಯ ಸಂಶೋಧಕರು ಆ ದಫ್ತರಗಳನ್ನು ತೆರೆದು, ಅಂದು ಹುಟ್ಟಿದ ಮಕ್ಕಳು ಇಂದು ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಮನೆಮನೆ ಹುಡುಕಿದರು. 517 ಮಂದಿಯನ್ನು ಪರೀಕ್ಷಿಸಿದ ಫಲ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11ರಷ್ಟು ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ ಇತ್ತು. ಮೂರು ಕಿಲೋ ದಾಟಿ ಚೆನ್ನಾಗಿ ತೂಗಿದ್ದವರಲ್ಲಿ ಅದು ಶೇ. 3 ಮಾತ್ರ.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಇನ್ನೊಂದು ಸೋಜಿಗವನ್ನು ಕಂಡಿತು. ಪುಣೆ ಸಮೀಪದ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 3.5 ಕಿಲೋ. ನಮ್ಮ ಕೂಸುಗಳಲ್ಲಿ ಸ್ನಾಯು, ಒಳಾಂಗಗಳು ಕಿರಿದು; ಆದರೆ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಿಲ್ಲ. ತೆಳ್ಳಗೆ ಕಂಡರೂ ಒಳಗೆ ಕೊಬ್ಬಿನ ಪಾಲು ಹೆಚ್ಚು! ಗರ್ಭದಲ್ಲಿ ಕೊರತೆ ಕಂಡ ದೇಹ ಸಿಕ್ಕಿದ್ದನ್ನು ಕೂಡಿಟ್ಟುಕೊಳ್ಳಲು ಕಲಿಯುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಮುಂದೆ ಆ ದೇಹಕ್ಕೆ ಸಕ್ಕರೆ, ಎಣ್ಣೆಗಳ ಸುರಿಮಳೆಯಾದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಬೇಗ ಬಾಗಿಲು ತಟ್ಟುತ್ತವೆ.

ಇದಕ್ಕಾಗಿಯೇ ನಮ್ಮವರ ಅಳತೆಯ ಗೆರೆಯೂ ಬೇರೆ. ತೂಕವನ್ನು ಎತ್ತರದ ಮೀಟರಿನ ವರ್ಗದಿಂದ ಭಾಗಿಸುವ ಸೂತ್ರವನ್ನು 1830ರ ದಶಕದಲ್ಲಿ ಬೆಲ್ಜಿಯಂನ ಗಣಿತಜ್ಞ ಕೆಟ್ಲೆ ರೂಪಿಸಿದ. 150 ಸೆಂ.ಮೀ. ಎತ್ತರದ, 54 ಕಿಲೋ ತೂಕದ ಹೆಂಗಸಿಗೆ ಉತ್ತರ 24. ಜಗತ್ತಿನ ಸಾಮಾನ್ಯ ಗೆರೆ 25. ಆ ಪ್ರಕಾರ ಆಕೆ ಸುರಕ್ಷಿತ. ಆದರೆ ಏಷ್ಯಾದವರು 23ಕ್ಕೇ ಎಚ್ಚರ ವಹಿಸುವುದು ಒಳಿತೆಂದು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೂಚಿಸಿದರು. ಇದು ದೊಡ್ಡವರ ಲೆಕ್ಕ. ಮಕ್ಕಳಿಗೆ ವಯಸ್ಸು, ಲಿಂಗಕ್ಕೆ ತಕ್ಕ ಬೇರೆ ಕೋಷ್ಟಕಗಳಿವೆ. ಮಕ್ಕಳು ತರಗತಿಯಲ್ಲಿ ಒಬ್ಬರನ್ನೊಬ್ಬರು ಅಳೆದು ಹೆಸರಿಡಲು ಈ ಸೂತ್ರ ಹುಟ್ಟಿಲ್ಲ.

ಉಪದೇಶ ಯಾರನ್ನು ಮುಟ್ಟುತ್ತದೆ?

ಬೊಜ್ಜು ತಡೆಯುವ ಪ್ರಚಾರಗಳಲ್ಲಿ ಸಾಮಾನ್ಯವಾಗಿ ಕೇಳುವ ಮಾತು ಒಂದೇ: ಬೆಳಿಗ್ಗೆ ನಡೆಯಿರಿ, ಹಣ್ಣು ತಿನ್ನಿ, ಎಣ್ಣೆ ಬಿಡಿ. ಮಾತು ಸರಿಯೇ. ಆದರೆ ಅದನ್ನು ನಡೆಸಿಕೊಳ್ಳಲು ಬೇಕಾದ ಸಮಯ, ಹಣ, ಜಾಗ ಯಾರಿಗಿದೆ? ಪೇಟೆಯ ಉದ್ಯಾನದ ಪಕ್ಕದಲ್ಲಿ ಮನೆಯುಳ್ಳ ಅಧಿಕಾರಿ ನಾಳೆಯೇ ಬೂಟು ಹಾಕಿ ಹೊರಡಬಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು, ದಿನವಿಡೀ ಬಗ್ಗಿ ಕಳೆ ಕಿತ್ತು, ಸಂಜೆ ನೀರು ಹೊತ್ತು ಬಂದ ತಾಯಿಗೆ ‘ವ್ಯಾಯಾಮ ಮಾಡಮ್ಮಾ’ ಎಂದರೆ ಆಕೆ ನಕ್ಕಾಳು.

ವೇಲ್ಸಿನ ಗಣಿ ಊರೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಒಂದು ನಿಯಮವನ್ನು ಹೇಳಿದರು. ಒಳ್ಳೆಯ ವೈದ್ಯಕೀಯ ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೆ ಕಡಿಮೆ ಸಿಗುತ್ತದೆ, ಯಾರಿಗೆ ಕಡಿಮೆ ಬೇಕೋ ಅವರಿಗೆ ಹೆಚ್ಚು ಸಿಗುತ್ತದೆ ಎಂಬುದು ಅದರ ಸಾರ. ಬೊಜ್ಜಿನ ಉಪದೇಶಕ್ಕೂ ಇದು ಒಪ್ಪುತ್ತದೆ. ಬರೀ ಉಪದೇಶದಿಂದ ಉಳ್ಳವರ ಆರೋಗ್ಯ ಮೊದಲು ಸುಧಾರಿಸುತ್ತದೆ. ಇಲ್ಲದವರು ಇದ್ದಲ್ಲಿಯೇ ಉಳಿಯುತ್ತಾರೆ. ಅಂತರ ಕಡಿಮೆಯಾಗುವ ಬದಲು ಹಿಗ್ಗುತ್ತದೆ. ಎಲ್ಲರಿಗೂ ಒಂದೇ ಮಾತು ಹೇಳುವುದು ಸಮಾನತೆಯಂತೆ ಕಂಡೀತು, ಅದು ನ್ಯಾಯವಲ್ಲ.

ಹಾಗಾದರೆ ನ್ಯಾಯ ಎಲ್ಲಿದೆ? ವ್ಯವಸ್ಥೆಯಲ್ಲಿದೆ. ಹಳ್ಳಿ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಅಳತೆಪಟ್ಟಿ ಹಿಡಿದು ಮೂವತ್ತು ದಾಟಿದವರ ಸೊಂಟದ ಸುತ್ತಳತೆ ನೋಡುತ್ತಾಳೆ. ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ದಾಟಿದರೆ ಎಚ್ಚರಿಕೆ. ಆಸ್ಪತ್ರೆಗೆ ಹೋಗಲಾರದವರ ಮನೆಗೇ ಆರೋಗ್ಯ ಬರುವ ಈ ಏರ್ಪಾಡು ಸಣ್ಣದಲ್ಲ. ಆಕೆ ಬಂದಾಗ ನಾಚಿ ಒಳಗೆ ಸರಿಯದೆ ಅಳತೆ ಕೊಡುವುದು ಮನೆಯವರ ಕೆಲಸ.

ದರದ ವಿಷಯದಲ್ಲಿ ಮೆಕ್ಸಿಕೋ ದೇಶದ ಉದಾಹರಣೆ ನೋಡಬಹುದು. ಅಲ್ಲಿ 2014ರ ಜನವರಿ 1ರಿಂದ ಸಕ್ಕರೆ ಪಾನೀಯದ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿದರು. ಆ ವರ್ಷ ಖರೀದಿ ಸರಾಸರಿ ಶೇ. 6ರಷ್ಟು ಇಳಿಯಿತು, ಬಡ ಕುಟುಂಬಗಳಲ್ಲಿ ಶೇ. 9ರಷ್ಟು. ನಮ್ಮಲ್ಲಿ 2025ರ ಸೆಪ್ಟೆಂಬರ್ 22ರಂದು ಜಿ.ಎಸ್.ಟಿ. ದರಗಳು ಬದಲಾದಾಗ ಸಕ್ಕರೆಯ ತಂಪು ಪಾನೀಯಗಳ ಮೇಲೆ ಒಟ್ಟು ಶೇ. 40ರಷ್ಟು ತೆರಿಗೆ ಉಳಿಯಿತು. ಆದರೆ ಬಿಸ್ಕತ್ತು, ಖಾರದ ಕುರುಕಲುಗಳ ಮೇಲಿನ ತೆರಿಗೆ ಶೇ. 5ಕ್ಕೆ ಇಳಿಯಿತು. ಬಾಟಲಿಯನ್ನು ತಡೆದ ಕೈಯೇ ಪಾಕೀಟಿಗೆ ದಾರಿ ಬಿಟ್ಟಿತೆ ಎಂದು ಕೇಳುವುದು ಉಚಿತ. ತೆರಿಗೆ ಮಾತ್ರ ಸಾಲದು. ಬೇಳೆ, ಕಾಳು, ಮೊಟ್ಟೆಗಳು ಬಡವರ ಕೈಗೆ ಎಟಕುವಂತಾಗಬೇಕು. ಇಲ್ಲವಾದರೆ ತೆರಿಗೆಯೂ ಬಡವನ ಜೇಬಿಗೇ ಭಾರ.

ಶಾಲೆಯ ಪಂಕ್ತಿ

ಕೈಗೆ ಎಟಕಿಸುವ ಕೆಲಸವನ್ನು ನಮ್ಮ ರಾಜ್ಯ ಶಾಲೆಯ ಪಂಕ್ತಿಯಲ್ಲಿ ಮಾಡಿ ತೋರಿಸಿದೆ. 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿತು. 2013ರ ಆಗಸ್ಟ್‌ನಲ್ಲಿ ಹಾಲು ಸೇರಿತು. ಮೊಟ್ಟೆಯ ಬಗ್ಗೆ ವಾದಗಳು ನಡೆದವು. ಕೊನೆಗೆ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣಿನ ಏರ್ಪಾಡಿನೊಂದಿಗೆ ಮೊಟ್ಟೆಯೂ ಬಂತು. 2024ರಲ್ಲಿ ವಾರದ ಆರು ದಿನವೂ ಮೊಟ್ಟೆ ಕೊಡಲು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸರ್ಕಾರದೊಡನೆ ಕೈಜೋಡಿಸಿತು. ನಿಯಮದ ಪ್ರಕಾರ ಈ ಊಟದಲ್ಲಿ ಕಿರಿಯ ಮಕ್ಕಳಿಗೆ 450 ಕಿಲೋಕ್ಯಾಲರಿ, 12 ಗ್ರಾಂ ಪ್ರೋಟೀನು. ಹಿರಿಯ ತರಗತಿಯವರಿಗೆ 700 ಕಿಲೋಕ್ಯಾಲರಿ, 20 ಗ್ರಾಂ ಪ್ರೋಟೀನು ಸಿಗಬೇಕು.

ಇದನ್ನು ಹಸಿವಿನ ಯೋಜನೆ ಎಂದಷ್ಟೇ ಎಣಿಸುವವರಿದ್ದಾರೆ. ಆದರೆ ಮಧ್ಯಾಹ್ನ ಸಾರು, ಕಾಳು, ಮೊಟ್ಟೆಯಿಂದ ಹೊಟ್ಟೆ ತುಂಬಿದ ಮಗು ಮೂರು ಗಂಟೆಗೆ ಪಾಕೀಟಿಗಾಗಿ ಓಡುವುದು ಕಡಿಮೆ. ಆದ್ದರಿಂದ ಇದೇ ಬೊಜ್ಜು ತಡೆಯುವ ಯೋಜನೆಯೂ ಹೌದು. ಬ್ರೆಜಿಲ್ ದೇಶ 2009ರಲ್ಲಿ ಕಾನೂನು ಮಾಡಿ, ಶಾಲೆಯ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ. 30ರಷ್ಟನ್ನು ಸಣ್ಣ ರೈತರಿಂದ ಕೊಳ್ಳಲು ಬಳಸಬೇಕೆಂದಿತು. ಹಾಗೆ ಇಲ್ಲಿಯೂ ಸುತ್ತಲಿನ ಹೊಲದ ಜೋಳ, ಹೆಸರು, ಮಡಕಿ, ಸೊಪ್ಪುಗಳು ಶಾಲೆಯ ಒಲೆಗೆ ಬಂದರೆ ರೈತನಿಗೂ ಲಾಭ, ಮಗುವಿಗೂ ಲಾಭ.

ಆಟವೂ ಈ ಪಂಕ್ತಿಯಲ್ಲಿ ಸೇರಬೇಕು. 5ರಿಂದ 17 ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವಂತೆ ಆಡಬೇಕೆಂದು 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಗಂಡುಹುಡುಗರಿಗೆ ಬಯಲು ಸಿಕ್ಕೀತು. ಹೆಣ್ಣುಮಕ್ಕಳು ದೊಡ್ಡವರಾದೊಡನೆ ಆಟ ನಿಲ್ಲಿಸಿ ಒಳಗೆ ಕರೆಯುವ ರೂಢಿ ಇನ್ನೂ ಹೋಗಿಲ್ಲ. ಅವರ ಅರವತ್ತು ನಿಮಿಷ ಎಲ್ಲಿ ಹೋಯಿತು ಎಂದು ಪಾಲಕರು ತಮ್ಮನ್ನೇ ಕೇಳಿಕೊಳ್ಳಬೇಕು.

ಅರವತ್ತೇಳು ಹೆಜ್ಜೆ

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಒಂದು ನಿಯಮ ಹೊರಡಿಸಿತು. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ 50 ಮೀಟರ್ ಸುತ್ತಿನಲ್ಲಾಗಲಿ ಮಕ್ಕಳಿಗೆ ಮಾರಕೂಡದು. ಹೆಜ್ಜೆಗೆ 75 ಸೆಂ.ಮೀ. ಎಂದು ಹಿಡಿದರೆ 50 ಮೀಟರ್ ಎಂದರೆ 67 ಹೆಜ್ಜೆ. ಶಾಲೆಯ ಗೇಟಿನಿಂದ ಹೆಜ್ಜೆ ಎಣಿಸುತ್ತ ಹೋಗುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಯೋಗ. ದಾರಿಯಲ್ಲಿ ಎಷ್ಟು ಅಂಗಡಿ, ಎಷ್ಟು ತೋರಣ? ಹಣ್ಣು ಮಾರುವವರು ಎಷ್ಟು? ಬರೆದುಕೊಂಡು ಬಂದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಓದಿ ಹೇಳಬಹುದು. ಅಂಗಡಿಯವನೂ ಊರಿನವನೇ, ಹೊಟ್ಟೆಪಾಡಿನವನೇ. ಅವನನ್ನು ಓಡಿಸುವುದಕ್ಕಿಂತ ಶೇಂಗಾ ಚಿಕ್ಕಿ, ಪುಟಾಣಿ, ಬಾಳೆಹಣ್ಣು, ಪೇರಲ ಇಟ್ಟು ಮಾರಲು ಒಪ್ಪಿಸುವುದು ಜಾಣತನ.

ಮನೆಯಲ್ಲಿ ಪಾಲಕರೂ ಒಂದು ಮಾತು ನೆನಪಿಡಬೇಕು. ದಪ್ಪಗಿರುವ ಮಗುವನ್ನು ‘ಡುಮ್ಮ’ ಎಂದು, ತೆಳ್ಳಗಿರುವುದನ್ನು ‘ಕಡ್ಡಿ’ ಎಂದು ಕರೆಯುವುದರಿಂದ ಯಾರ ತೂಕವೂ ಸರಿಹೋಗಿಲ್ಲ. ಮಗು ನಾಲ್ವರ ಮುಂದೆ ಉಣ್ಣಲು, ಆಡಲು ನಾಚುತ್ತದೆ, ಅಷ್ಟೇ ಫಲ.

ಹುಣ್ಣಿಮೆಯ ರಾತ್ರಿ ಕಳೆದು ಚಕ್ಕಡಿಗಳು ಉಗರಗೋಳದಿಂದ ಹಿಂದಿರುಗುವಾಗ ಗುಡ್ಡದ ಬಯಲಿನಲ್ಲಿ ಎರಡು ಗುರುತುಗಳು ಉಳಿದಿರುತ್ತವೆ. ಒಂದು, ಬೂದಿಯಾದ ಮೂರು ಕಲ್ಲಿನ ಒಲೆಗಳು. ಇನ್ನೊಂದು, ಗಾಳಿಗೆ ಹಾರುವ ಖಾಲಿ ಪಾಕೀಟುಗಳು. ಒಲೆಯ ಸುತ್ತ ಕೂತವರಿಗೆಲ್ಲ ಒಂದೇ ಬುಟ್ಟಿಯ ಊಟ ಸಿಕ್ಕಿತ್ತು. ಕೇಳಿ ಬಂದವನಿಗೂ ಇತ್ತು, ಕೇಳಲು ನಾಚಿದವನಿಗೂ ಇತ್ತು. ಬೊಜ್ಜಾಗಲಿ ಹಸಿವಾಗಲಿ, ತಡೆಯಲು ಹೊರಟವರು ಆ ಒಲೆಯ ಕಟ್ಟಳೆಯನ್ನು ಪಾಲಿಸಿದರೆ ಸಾಕು: ಹಿಂದೆ ಕೂತವರಿಗೆ ಬಡಿಸಿದ ಮೇಲೆಯೇ ಪಂಕ್ತಿ ಮುಗಿಯಿತೆಂದು ತಿಳಿಯುವುದು.